ತೆರೆದ ಆಕಾಶದಲ್ಲಿ ಉರುಳಿದ ವಿಮಾನಗಳು: ದಾರಿ ಮುಚ್ಚಬೇಕಾದವರು ಯಾರು, ಹೊಣೆ ಹೊರಬೇಕಾದವರು ಯಾರು?

2014ರ ಜುಲೈ 17ರಂದು ಆಮ್‌ಸ್ಟರ್‌ಡ್ಯಾಮ್‌ನಿಂದ ಕ್ವಾಲಾಲಂಪುರಕ್ಕೆ ಹೊರಟಿದ್ದ ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್17 ವಿಮಾನ ಉಕ್ರೇನಿನ ಮೇಲೆ 33,000 ಅಡಿ ಎತ್ತರದಲ್ಲಿ ಸಾಗುತ್ತಿತ್ತು. ಅದೇ ಮಾರ್ಗದಲ್ಲಿದ್ದ ಬೇರೆ ವಿಮಾನದೊಂದಿಗೆ ಅಂತರ ಕಾಯ್ದುಕೊಳ್ಳಲೆಂದು ನೆಲದ ನಿಯಂತ್ರಕರು 35,000 ಅಡಿಗೆ ಏರಲು ಸಾಧ್ಯವೇ ಎಂದು ಕೇಳಿದರು. ಆಗುವುದಿಲ್ಲ, 33,000 ಅಡಿಯಲ್ಲೇ ಮುಂದುವರಿಯುತ್ತೇವೆ ಎಂದು ಪೈಲಟ್‌ಗಳು ಉತ್ತರಿಸಿದರು. ಮೂರು ದಿನಗಳ ಹಿಂದಷ್ಟೇ ಉಕ್ರೇನ್ ಸರ್ಕಾರ ತನ್ನ ಪೂರ್ವ ಭಾಗದಲ್ಲಿ 32,000 ಅಡಿಯವರೆಗಿನ ಆಕಾಶವನ್ನು ನಾಗರಿಕ ವಿಮಾನಗಳಿಗೆ ಮುಚ್ಚಿತ್ತು. ಅಂದರೆ ಎಂಎಚ್17 ಮುಚ್ಚಿದ ಆಕಾಶಕ್ಕಿಂತ ಒಂದು ಸಾವಿರ ಅಡಿ ಮೇಲೆ, ನಿಯಮದ ಪ್ರಕಾರ ತೆರೆದೇ ಇದ್ದ ದಾರಿಯಲ್ಲಿತ್ತು. ಸ್ಥಳೀಯ ಸಮಯ ಸಂಜೆ 4 ಗಂಟೆ 20 ನಿಮಿಷಕ್ಕೆ ನೆಲದಿಂದ ಹಾರಿಬಂದ ಬೂಕ್ ಕ್ಷಿಪಣಿಯ ಸಿಡಿತಲೆ ಕಾಕ್‌ಪಿಟ್‌ನ ಎಡಬದಿಗೆ ತುಸು ಮೇಲೆ ಸ್ಫೋಟಿಸಿತು. ವಿಮಾನದಲ್ಲಿದ್ದ 298 ಮಂದಿಯೂ ಸತ್ತರು. ಅವರಲ್ಲಿ 196 ಮಂದಿ ನೆದರ್ಲೆಂಡ್ಸ್ ಪ್ರಜೆಗಳು.

ಆಕಾಶ ಪೂರ್ತಿ ಮುಚ್ಚುವ ಮೊದಲು ಆ ಒಂದೇ ದಿನ 160 ಪ್ರಯಾಣಿಕ ವಿಮಾನಗಳು ಪೂರ್ವ ಉಕ್ರೇನಿನ ಮೇಲೆ ಹಾದುಹೋಗಿದ್ದವು. ಜುಲೈ 14ರಿಂದ 17ರ ನಡುವೆ ಆ ದಾರಿ ಹಿಡಿದಿದ್ದ ವಿಮಾನಯಾನ ಸಂಸ್ಥೆಗಳು 61, ಅವು ಸೇರಿದ ದೇಶಗಳು 32. ಎಂಎಚ್17 ಬಿದ್ದ ಹೊತ್ತಿನಲ್ಲಿ ಅದೇ ನಿಯಂತ್ರಣ ವಲಯದಲ್ಲಿ ಇನ್ನೂ ಮೂರು ವಿಮಾನಗಳಿದ್ದವು. ಅವುಗಳಲ್ಲಿ ಒಂದು ದೆಹಲಿಯಿಂದ ಬರ್ಮಿಂಗ್‌ಹ್ಯಾಮ್‌ಗೆ ಹೊರಟಿದ್ದ ಏರ್ ಇಂಡಿಯಾದ ಡ್ರೀಮ್‌ಲೈನರ್. ಹಾಗಾಗಿ ಇದನ್ನು ಯಾರೋ ಒಬ್ಬರ ಅಜಾಗರೂಕತೆ ಎಂದು ಬದಿಗಿಡುವಂತಿಲ್ಲ. ಇಡೀ ವಿಮಾನಯಾನ ಲೋಕವೇ ಆ ದಾರಿ ಸುರಕ್ಷಿತವೆಂದು ನಂಬಿತ್ತು.

ಹನ್ನೊಂದು ವರ್ಷಗಳ ನಂತರ ಈ ವಿಷಯ ಮತ್ತೆ ಮುನ್ನೆಲೆಗೆ ಬಂತು. 2025ರ ಮೇ 12ರಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯ ಮಂಡಳಿಯೂ ಜುಲೈ 9ರಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ ಈ ಪ್ರಕರಣದಲ್ಲಿ ರಷ್ಯಾವನ್ನು ಹೊಣೆಗಾರನೆಂದು ಹೇಳಿದವು. ಅದೇ ಮೇ ತಿಂಗಳಲ್ಲಿ ಭಾರತ ಮತ್ತು ಪಾಕಿಸ್ತಾನಗಳ ಸಂಘರ್ಷದಿಂದ ನಮ್ಮ ವಿಮಾನ ನಿಲ್ದಾಣಗಳಿಗೆ ಬೀಗ ಬಿತ್ತು. ಜೂನ್ ತಿಂಗಳಲ್ಲಿ ಇಸ್ರೇಲ್ ಮತ್ತು ಇರಾನ್ ನಡುವಣ ಯುದ್ಧದಿಂದಾಗಿ ಕೊಲ್ಲಿ ರಾಷ್ಟ್ರಗಳ ಕಡೆಗಿನ ವಿಮಾನಗಳು ಅರ್ಧ ದಾರಿಯಿಂದ ಹಿಂದಿರುಗಿದವು. ಯುದ್ಧ ನಡೆಯುತ್ತಿರುವ ಕಡೆ ವಿಮಾನ ಹಾರಬಾರದೆಂದು ತೀರ್ಮಾನಿಸುವವರು ಯಾರು? ಹೊಡೆದುರುಳಿಸಿದರೆ ಕೇಳುವವರು ಯಾರು?

ಆಕಾಶದ ಯಜಮಾನ ಯಾರು?

1944ರ ಡಿಸೆಂಬರ್ 7ರಂದು ಸಹಿಯಾದ ಷಿಕಾಗೊ ಒಪ್ಪಂದವೇ ಇಂದಿಗೂ ನಾಗರಿಕ ವಿಮಾನಯಾನದ ಮೂಲ ಕಾನೂನು. ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದಲ್ಲಿ ಸಂಪೂರ್ಣ ಸಾರ್ವಭೌಮ ಅಧಿಕಾರವಿದೆ ಎಂಬುದು ಅದರ ಮೊದಲನೆಯ ವಿಧಿ. ಈ ಒಪ್ಪಂದದಿಂದ ಹುಟ್ಟಿದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆ, ಅಂದರೆ ಐಸಿಎಒ, ಕೆನಡಾದ ಮಾಂಟ್ರಿಯಲ್‌ನಲ್ಲಿದೆ. ಅದು ನಿಯಮ ರೂಪಿಸುತ್ತದೆ, ಮಾರ್ಗದರ್ಶನ ನೀಡುತ್ತದೆ, ಆದರೆ ಯಾವ ದೇಶದ ಆಕಾಶವನ್ನೂ ತಾನಾಗಿ ಮುಚ್ಚಲಾರದು.

ಇಡೀ ಜಗತ್ತಿನ ಆಕಾಶವನ್ನು ವಿಮಾನ ಮಾಹಿತಿ ವಲಯಗಳಾಗಿ ಹಂಚಲಾಗಿದೆ. ಇವನ್ನು ಎಫ್‌ಐಆರ್ ಎನ್ನುತ್ತಾರೆ; ಪೊಲೀಸ್ ಠಾಣೆಯ ಎಫ್‌ಐಆರ್‌ಗೂ ಇದಕ್ಕೂ ಸಂಬಂಧವಿಲ್ಲ. ಮಂಗಳೂರಿನಿಂದ ದುಬೈಗೆ ಹೊರಟ ವಿಮಾನ ಚೆನ್ನೈ ವಲಯದಿಂದ ಮುಂಬೈ ವಲಯಕ್ಕೆ, ಅಲ್ಲಿಂದ ಮಸ್ಕತ್ ವಲಯಕ್ಕೆ, ಕೊನೆಗೆ ಎಮಿರೇಟ್ಸ್ ವಲಯಕ್ಕೆ ಕೈಯಿಂದ ಕೈಗೆ ದಾಟುತ್ತಾ ಹೋಗುತ್ತದೆ. ಯಾವುದಾದರೂ ವಲಯದಲ್ಲಿ ಅಪಾಯವಿದ್ದರೆ ಅದನ್ನು ನೋಡಿಕೊಳ್ಳುವ ದೇಶ 'ನೋಟಾಮ್' ಹೊರಡಿಸಬೇಕು. ಇಂಥ ಕಡೆ, ಇಷ್ಟು ಎತ್ತರದವರೆಗೆ, ಇಂತಿಷ್ಟು ಸಮಯ ಹಾರಬೇಡಿ ಎಂದು ಪೈಲಟ್‌ಗಳಿಗೂ ವಿಮಾನಯಾನ ಸಂಸ್ಥೆಗಳಿಗೂ ಕೊಡುವ ಅಧಿಕೃತ ಸೂಚನೆಯೇ ನೋಟಾಮ್.

ಇದನ್ನು ರೈಲ್ವೆ ಗೇಟಿಗೆ ಹೋಲಿಸಬಹುದು. ಗೇಟು ತೆರೆದಿದ್ದರೆ ರೈಲು ಬರುತ್ತಿಲ್ಲವೆಂದು ನಂಬಿ ಬಸ್ಸಿನವನು ಹಳಿ ದಾಟುತ್ತಾನೆ. ಇಳಿದು ಹೋಗಿ ಎರಡೂ ಕಡೆ ನೋಡಿ ಬರುವುದಿಲ್ಲ. ಆಕಾಶದಲ್ಲಿ ಈ ನಂಬಿಕೆ ಎರಡು ಕಡೆ ಕೈಕೊಡುತ್ತದೆ. ಒಂದು, ಬಂಡುಕೋರರ ಕೈಯಲ್ಲಿ ಎಂಥ ಕ್ಷಿಪಣಿಯಿದೆ ಎಂಬುದು ಗೇಟಿನವನಿಗೇ ತಿಳಿಯದಿರಬಹುದು. ಇನ್ನೊಂದು, ತಿಳಿದರೂ ಗೇಟು ಹಾಕಲು ಅವನಿಗೆ ಮನಸ್ಸಿಲ್ಲದಿರಬಹುದು. ತನ್ನ ಮೇಲೆ ಹಾದುಹೋಗುವ ಪ್ರತಿ ವಿಮಾನದಿಂದಲೂ ದೇಶಕ್ಕೆ ಶುಲ್ಕ ಬರುತ್ತದೆ, ಮುಚ್ಚಿದರೆ ಅದು ನಿಲ್ಲುತ್ತದೆ. ಅದಕ್ಕಿಂತ ಮುಖ್ಯವಾಗಿ, ನನ್ನ ಆಕಾಶ ಸುರಕ್ಷಿತವಲ್ಲ ಎಂದು ಸಾರುವುದೆಂದರೆ ಆ ನೆಲದ ಮೇಲೆ ನನ್ನ ಹಿಡಿತ ತಪ್ಪಿದೆ ಎಂದು ಒಪ್ಪಿಕೊಂಡಂತೆ. ಯುದ್ಧದ ನಡುವೆ ಯಾವ ಸರ್ಕಾರವೂ ಆ ಮಾತನ್ನು ಸುಲಭವಾಗಿ ಆಡುವುದಿಲ್ಲ.

32,000 ಅಡಿಯ ಲೆಕ್ಕ ಎಲ್ಲಿಂದ ಬಂತು?

ಸರ್ಕಾರಿ ಸೇನೆಯೂ ರಷ್ಯಾ ಬೆಂಬಲಿತ ಪ್ರತ್ಯೇಕತಾವಾದಿಗಳೂ ಕಾದಾಡುತ್ತಿದ್ದ ಪೂರ್ವ ಉಕ್ರೇನಿನಲ್ಲಿ 2014ರ ವಸಂತದಿಂದಲೇ ಸೇನಾ ಹೆಲಿಕಾಪ್ಟರ್‌ಗಳೂ ವಿಮಾನಗಳೂ ಉರುಳುತ್ತಿದ್ದವು. ಜೂನ್ 14ರಂದು ಲುಹಾನ್ಸ್ಕ್ ನಿಲ್ದಾಣದಲ್ಲಿ ಇಳಿಯುತ್ತಿದ್ದ ಐಎಲ್-76 ಸೇನಾ ಸಾಗಣೆ ವಿಮಾನವನ್ನು ಹೊಡೆದಾಗ 49 ಮಂದಿ ಸತ್ತಿದ್ದರು. ಹೆಗಲ ಮೇಲಿಟ್ಟು ಹಾರಿಸುವ ಸಣ್ಣ ಕ್ಷಿಪಣಿಗಳು ಸುಮಾರು 15,000 ಅಡಿಯವರೆಗೆ ಮಾತ್ರ ತಲುಪುತ್ತವೆ. ಪ್ರಯಾಣಿಕ ವಿಮಾನ ಅದರ ಎರಡು ಪಟ್ಟು ಎತ್ತರದಲ್ಲಿ ಹಾರುತ್ತದೆ. ಆದ್ದರಿಂದ ಜೂನ್ 6ರಂದು ಉಕ್ರೇನ್ 26,000 ಅಡಿಯವರೆಗೆ ಮಾತ್ರ ಮುಚ್ಚಿದಾಗ ಯಾರಿಗೂ ಅದು ಕಡಿಮೆಯೆನಿಸಲಿಲ್ಲ.

ಜುಲೈ 14ರಂದು ಎಎನ್-26 ಸೇನಾ ವಿಮಾನ ಉರುಳಿತು. ಅದು 6,000 ಮೀಟರಿಗೂ ಮೇಲೆ, ಅಂದರೆ ಸುಮಾರು 21,000 ಅಡಿಯಲ್ಲಿ ಹಾರುತ್ತಿತ್ತೆಂದು ಉಕ್ರೇನಿನ ಅಧಿಕಾರಿಗಳೇ ಹೇಳಿದರು. ಹೆಗಲ ಮೇಲಿನ ಕ್ಷಿಪಣಿಗೆ ಆ ಎತ್ತರ ಎಟುಕದು. ದೊಡ್ಡ ಅಸ್ತ್ರವೊಂದು ಕಣಕ್ಕಿಳಿದಿದೆ ಎಂಬ ಸುಳಿವು ಅದರಲ್ಲೇ ಇತ್ತು. ಆದರೆ ಅಂದು ಆದದ್ದು ಮುಚ್ಚಿದ ಆಕಾಶದ ಮಿತಿಯನ್ನು 26,000ದಿಂದ 32,000ಕ್ಕೆ ಏರಿಸಿದ್ದಷ್ಟೇ. ಮುಖ್ಯವಾಗಿ ಸೇನಾ ವಿಮಾನಗಳು ನಾಗರಿಕ ವಿಮಾನಗಳಿಗೆ ಅಡ್ಡ ಬರದಂತೆ ಅಂತರ ಇಡುವ ಲೆಕ್ಕಾಚಾರ ಅದರ ಹಿಂದಿತ್ತು. ಬೂಕ್ ಕ್ಷಿಪಣಿಯಾದರೋ 70,000 ಅಡಿಯ ಗುರಿಯನ್ನೂ ಮುಟ್ಟಬಲ್ಲದು. ಅದರ ಮುಂದೆ 32,000 ಎಂಬ ಗೆರೆಗೆ ಅರ್ಥವೇ ಇರಲಿಲ್ಲ. ಪೈಲಟ್‌ಗಳು ಅಂದು 35,000 ಅಡಿಗೆ ಏರಿದ್ದರೂ ಏನೂ ಬದಲಾಗುತ್ತಿರಲಿಲ್ಲ. ಆಕಾಶವನ್ನು ಪೂರ್ತಿಯಾಗಿ ಮುಚ್ಚಲು ಉಕ್ರೇನಿಗೆ ಸಾಕಷ್ಟು ಕಾರಣವಿತ್ತು ಎಂದೇ 2015ರ ಅಕ್ಟೋಬರ್‌ನಲ್ಲಿ ಡಚ್ ಸುರಕ್ಷತಾ ಮಂಡಳಿ ತನ್ನ ವರದಿಯಲ್ಲಿ ಹೇಳಿತು.

ಗುರಿಯಿಟ್ಟವನ ಪರದೆಯಲ್ಲಿ ಕಾಣುವುದೇನು?

ಇಷ್ಟು ದೊಡ್ಡ ಪ್ರಯಾಣಿಕ ವಿಮಾನವನ್ನು ಯುದ್ಧವಿಮಾನವೆಂದು ತಪ್ಪು ತಿಳಿಯುವುದಾದರೂ ಹೇಗೆ ಎಂಬ ಪ್ರಶ್ನೆ ಸಹಜ. ಕ್ಷಿಪಣಿ ಹಾರಿಸುವವನು ವಿಮಾನವನ್ನು ನೋಡುವುದಿಲ್ಲ, ರೇಡಾರ್ ಪರದೆಯ ಮೇಲೆ ಚಲಿಸುವ ಒಂದು ಚುಕ್ಕೆಯನ್ನು ನೋಡುತ್ತಾನೆ. ನಾಗರಿಕ ವಿಮಾನದಲ್ಲಿರುವ ಟ್ರಾನ್ಸ್‌ಪಾಂಡರ್ ತನ್ನ ಗುರುತು ಮತ್ತು ಎತ್ತರವನ್ನು ನೆಲಕ್ಕೆ ತಿಳಿಸುತ್ತಲೇ ಇರುತ್ತದೆ, ನಿಜ. ಆದರೆ ಅದನ್ನು ಓದುವ ಉಪಕರಣವಾಗಲಿ ನಾಗರಿಕ ನಿಯಂತ್ರಣ ಕೇಂದ್ರದೊಂದಿಗೆ ದೂರವಾಣಿ ಸಂಪರ್ಕವಾಗಲಿ ಹೊಲದಂಚಿನಲ್ಲಿ ನಿಂತ ಒಂಟಿ ಕ್ಷಿಪಣಿ ವಾಹನಕ್ಕೆ ಇರಬೇಕೆಂದಿಲ್ಲ.

ಉಪಕರಣವಿದ್ದರೂ ಭಯ ಕಣ್ಣು ಮಸುಕಾಗಿಸುತ್ತದೆ. 1988ರ ಜುಲೈ 3ರಂದು ಬಂದರ್ ಅಬ್ಬಾಸ್‌ನಿಂದ ದುಬೈಗೆ ಹೊರಟ ಇರಾನ್ ಏರ್ 655 ವಿಮಾನವನ್ನು ಅಮೆರಿಕದ ವಿನ್ಸೆನ್ಸ್ ಯುದ್ಧನೌಕೆ ಹೊಡೆದುರುಳಿಸಿತು. ಸತ್ತ 290 ಮಂದಿಯಲ್ಲಿ 66 ಮಕ್ಕಳಿದ್ದರು, ಹತ್ತು ಭಾರತೀಯರಿದ್ದರು. ಆ ನೌಕೆಯಲ್ಲಿದ್ದದ್ದು ಆ ಕಾಲದ ಅತ್ಯಾಧುನಿಕ ರೇಡಾರ್ ವ್ಯವಸ್ಥೆ. ವಿಮಾನ ಮೇಲೇರುತ್ತಿದ್ದರೂ ಅದು ನೌಕೆಯ ಕಡೆಗೆ ಇಳಿದು ಬರುತ್ತಿರುವ ಎಫ್-14 ಯುದ್ಧವಿಮಾನ ಎಂದು ಸಿಬ್ಬಂದಿ ಭಾವಿಸಿದರು. ಕೊಟ್ಟ ಹತ್ತು ಎಚ್ಚರಿಕೆಗಳಲ್ಲಿ ಏಳು ಸೇನಾ ತರಂಗಾಂತರದಲ್ಲಿದ್ದವು, ಅವು ಪ್ರಯಾಣಿಕ ವಿಮಾನಕ್ಕೆ ಕೇಳಿಸುವಂತಿರಲಿಲ್ಲ.

2020ರ ಜನವರಿ 8ರ ಟೆಹ್ರಾನ್ ಪ್ರಕರಣ ಇದಕ್ಕಿಂತ ವಿಚಿತ್ರ. ತನ್ನ ಸೇನಾಧಿಕಾರಿ ಕಾಸಿಂ ಸುಲೈಮಾನಿಯನ್ನು ಅಮೆರಿಕ ಕೊಂದದ್ದಕ್ಕೆ ಪ್ರತಿಯಾಗಿ ಇರಾಕಿನಲ್ಲಿದ್ದ ಅಮೆರಿಕದ ನೆಲೆಗಳ ಮೇಲೆ ಇರಾನ್ ಅಂದು ನಸುಕಿನಲ್ಲಿ ಕ್ಷಿಪಣಿ ಹಾರಿಸಿತ್ತು, ಮರುದಾಳಿಯ ನಿರೀಕ್ಷೆಯಲ್ಲಿತ್ತು. ಆದರೂ ಟೆಹ್ರಾನ್ ವಿಮಾನ ನಿಲ್ದಾಣ ಎಂದಿನಂತೆ ನಡೆಯುತ್ತಿತ್ತು. ಬೆಳಗಿನ 6 ಗಂಟೆ 12 ನಿಮಿಷಕ್ಕೆ ಕೀವ್‌ನತ್ತ ಹೊರಟ ಉಕ್ರೇನ್ ಇಂಟರ್‌ನ್ಯಾಷನಲ್ ಏರ್‌ಲೈನ್ಸ್‌ನ ಪಿಎಸ್752 ವಿಮಾನಕ್ಕೆ ಕೆಲವೇ ನಿಮಿಷಗಳಲ್ಲಿ ಇರಾನಿನದೇ ಎರಡು ಕ್ಷಿಪಣಿಗಳು ಬಡಿದು 176 ಮಂದಿ ಸತ್ತರು. ಇರಾನ್ ಕೊಟ್ಟ ವಿವರಣೆ ಹೀಗಿದೆ: ರಾತ್ರಿ ಕ್ಷಿಪಣಿ ವಾಹನದ ಜಾಗ ಬದಲಿಸಿದ ಮೇಲೆ ಅದರ ಉತ್ತರ ದಿಕ್ಕನ್ನು ಸರಿಯಾಗಿ ಹೊಂದಿಸಿರಲಿಲ್ಲ, 107 ಡಿಗ್ರಿಗಳಷ್ಟು ವ್ಯತ್ಯಾಸವಿತ್ತು, ಹಾಗಾಗಿ ನಿಲ್ದಾಣದಿಂದ ಹೊರಟ ವಿಮಾನ ಬೇರೆ ದಿಕ್ಕಿನಿಂದ ಟೆಹ್ರಾನ್ ಮೇಲೆ ಬರುತ್ತಿರುವಂತೆ ಪರದೆಯಲ್ಲಿ ಕಂಡಿತು, ಮೇಲಧಿಕಾರಿಗಳ ಸಂಪರ್ಕ ಸಿಗದೆ ಅನುಮತಿಯಿಲ್ಲದೆಯೇ ಹಾರಿಸಲಾಯಿತು. ಈ ವಿವರಣೆಯನ್ನು ಹಾಗೆಯೇ ಒಪ್ಪಿದರೂ ಆಕಾಶವನ್ನೇಕೆ ತೆರೆದಿಟ್ಟಿರಿ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ನಮ್ಮಲ್ಲೂ 2019ರ ಫೆಬ್ರುವರಿ 27ರಂದು ಬಡ್ಗಾಮ್‌ನಲ್ಲಿ ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ನಮ್ಮದೇ ಕ್ಷಿಪಣಿಗೆ ಬಲಿಯಾಯಿತು. ಅದು ದೊಡ್ಡ ತಪ್ಪೆಂದು ಅದೇ ವರ್ಷ ವಾಯುಪಡೆಯ ಮುಖ್ಯಸ್ಥರು ಒಪ್ಪಿಕೊಂಡರು.

ವಿಮಾನಯಾನ ಸಂಸ್ಥೆಗಳು ಈಗ ಏನು ಮಾಡುತ್ತವೆ?

ಎಂಎಚ್17ರ ನಂತರ ಬಂದ ಮುಖ್ಯ ಬದಲಾವಣೆಯೆಂದರೆ, ದಾರಿ ತೆರೆದಿದೆ ಎಂಬ ಒಂದೇ ಕಾರಣಕ್ಕೆ ಹಾರಬಾರದು ಎಂಬ ತಿಳಿವು. ಸಂಘರ್ಷ ವಲಯಗಳ ಅಪಾಯವನ್ನು ಅಳೆಯುವ ಕೈಪಿಡಿಯನ್ನು ಐಸಿಎಒ ಹೊರತಂದಿದೆ. ಯುರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆ ಇಂಥ ವಲಯಗಳ ಬಗ್ಗೆ ಪ್ರತ್ಯೇಕ ಸೂಚನೆಗಳನ್ನು ಹೊರಡಿಸುತ್ತದೆ. ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ ತನ್ನ ದೇಶದ ಸಂಸ್ಥೆಗಳಿಗೆ ನೇರವಾಗಿ ನಿಷೇಧವನ್ನೇ ಹೇರುತ್ತದೆ. ಪಿಎಸ್752 ಹೊರಡುವ ಕೆಲವು ಗಂಟೆಗಳ ಮೊದಲು ಇರಾನ್ ಮತ್ತು ಇರಾಕ್ ಆಕಾಶಕ್ಕೆ ಅಂಥ ನಿಷೇಧ ಜಾರಿಯಾಗಿತ್ತು. ಆದರೆ ಅದು ಅಮೆರಿಕದ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುವಂಥದ್ದು, ಉಕ್ರೇನಿನ ವಿಮಾನವನ್ನು ತಡೆಯುವ ಬಲ ಅದಕ್ಕಿರಲಿಲ್ಲ. ಆ ದುರಂತದ ನಂತರ ಕೆನಡಾ 'ಸೇಫರ್ ಸ್ಕೈಸ್' ಹೆಸರಿನ ಪ್ರಯತ್ನ ಆರಂಭಿಸಿ, ಅಪಾಯದ ಮಾಹಿತಿಯನ್ನು ದೇಶಗಳು ಪರಸ್ಪರ ಬೇಗ ಹಂಚಿಕೊಳ್ಳುವಂತೆ ಮಾಡಲು ಯತ್ನಿಸುತ್ತಿದೆ. ಬೇಹುಗಾರಿಕೆಯಿಂದ ಸಿಕ್ಕ ಮಾಹಿತಿಯನ್ನು ಯಾವ ದೇಶವೂ ಮನಸ್ಸು ಬಿಚ್ಚಿ ಹೇಳುವುದಿಲ್ಲ ಎಂಬುದೇ ಅಲ್ಲಿನ ತೊಡಕು.

ಭಾರತದ ಆಕಾಶ, 2025

ಆ ಬೇಸಿಗೆಯಲ್ಲಿ ಎರಡು ಬಗೆಯ ಮುಚ್ಚುಗಡೆಗಳು ಒಟ್ಟಿಗೆ ನಡೆದದ್ದರಿಂದ ಹಲವರಿಗೆ ಗೊಂದಲವಾಯಿತು. ಪಹಲ್ಗಾಮ್ ದಾಳಿಯ ನಂತರ ಏಪ್ರಿಲ್ 24ರಂದು ಪಾಕಿಸ್ತಾನವೂ 30ರಂದು ಭಾರತವೂ ಪರಸ್ಪರರ ವಿಮಾನಗಳಿಗೆ ತಂತಮ್ಮ ಆಕಾಶವನ್ನು ಮುಚ್ಚಿದವು. ಅದು ರಾಜಕೀಯ ನಿರ್ಬಂಧ. ಉಳಿದ ದೇಶಗಳ ವಿಮಾನಗಳು ಎಂದಿನಂತೆ ಓಡಾಡಬಹುದಿತ್ತು. ಆಪರೇಷನ್ ಸಿಂಧೂರದ ನಂತರ ಉತ್ತರ ಮತ್ತು ಪಶ್ಚಿಮ ಭಾರತದ 32 ವಿಮಾನ ನಿಲ್ದಾಣಗಳನ್ನು ನಾಗರಿಕ ಸಂಚಾರಕ್ಕೆ ಮುಚ್ಚಿ ಮೇ 12ರಂದು ಮತ್ತೆ ತೆರೆದದ್ದು ಸುರಕ್ಷತೆಯ ಕ್ರಮ. ಪಾಕಿಸ್ತಾನ ಡ್ರೋನ್ ಮತ್ತು ಕ್ಷಿಪಣಿ ದಾಳಿ ನಡೆಸುತ್ತಲೇ ತನ್ನ ನಾಗರಿಕ ಆಕಾಶವನ್ನು ಮುಚ್ಚದೆ, ಪ್ರಯಾಣಿಕ ವಿಮಾನಗಳನ್ನು ಗುರಾಣಿಯಾಗಿ ಬಳಸಿತೆಂದು ಮೇ 9ರ ಅಧಿಕೃತ ವಿವರಣೆಯಲ್ಲಿ ಭಾರತ ಆರೋಪಿಸಿತು. ಆಕಾಶ ಮುಚ್ಚದಿರುವುದರ ಅಪಾಯ ನಮ್ಮ ಬಾಗಿಲಿಗೇ ಬಂದದ್ದು ಹೀಗೆ.

ಜೂನ್ 23ರ ರಾತ್ರಿ ಇರಾನ್ ಕತಾರ್‌ನಲ್ಲಿರುವ ಅಮೆರಿಕದ ಅಲ್ ಉದೈದ್ ನೆಲೆಯ ಮೇಲೆ ಕ್ಷಿಪಣಿ ಹಾರಿಸಿದಾಗ ಕತಾರ್ ತನ್ನ ಆಕಾಶವನ್ನು ದಾಳಿಗೆ ಮೊದಲೇ ಮುಚ್ಚಿತ್ತು. ದೋಹಾದಲ್ಲಿ ಇಳಿಯಬೇಕಿದ್ದ ವಿಮಾನಗಳು ಬೇರೆ ಊರುಗಳಲ್ಲಿ ಇಳಿದವು, ಸಾವಿರಾರು ಜನ ನಿಲ್ದಾಣಗಳಲ್ಲೇ ರಾತ್ರಿ ಕಳೆದರು. ಐದು ವರ್ಷಗಳ ಹಿಂದೆ ಟೆಹ್ರಾನ್‌ನಲ್ಲಿ ಆಗಬೇಕಿದ್ದದ್ದು ಈ ತೊಂದರೆಯೇ.

ಎರಡು ತನಿಖೆ, ಎರಡು ಉದ್ದೇಶ

ವಿಮಾನ ಬಿದ್ದ ಮೇಲೆ ನಡೆಯುವ ಅಪಘಾತ ತನಿಖೆ ಬೇರೆ, ಅಪರಾಧ ತನಿಖೆ ಬೇರೆ. ಷಿಕಾಗೊ ಒಪ್ಪಂದದ 13ನೇ ಅನುಬಂಧದ ಪ್ರಕಾರ ನಡೆಯುವ ಮೊದಲನೆಯದರ ಗುರಿ ಮುಂದೆ ಹೀಗಾಗದಂತೆ ತಡೆಯುವುದು ಮಾತ್ರ, ತಪ್ಪಿತಸ್ಥರನ್ನು ಹೆಸರಿಸುವುದು ಅದರ ಕೆಲಸವಲ್ಲ. ಘಟನೆ ನಡೆದ ದೇಶವೇ ಅದನ್ನು ನಡೆಸಬೇಕು. ಅಪಘಾತಗಳಿಗೆಂದು ರೂಪಿಸಿದ ಈ ನಿಯಮ ಕ್ಷಿಪಣಿ ದಾಳಿಗೆ ಒಗ್ಗುವುದಿಲ್ಲ; ಪಿಎಸ್752ರ ವಿಷಯದಲ್ಲಿ ಹೊಡೆದ ಇರಾನೇ ತನಿಖಾಧಿಕಾರಿಯೂ ಆಯಿತು. ಮೊದಲ ಮೂರು ದಿನ ಕ್ಷಿಪಣಿಯ ಮಾತನ್ನೇ ಅಲ್ಲಗಳೆದ ಇರಾನ್ ಜನವರಿ 11ರಂದು ಒಪ್ಪಿಕೊಂಡಿತು. ಎಂಎಚ್17 ತನಿಖೆಯನ್ನು ಉಕ್ರೇನ್ ನೆದರ್ಲೆಂಡ್ಸ್‌ಗೆ ಒಪ್ಪಿಸಿತು. ಅಪರಾಧ ತನಿಖೆಗೆ ನೆದರ್ಲೆಂಡ್ಸ್, ಆಸ್ಟ್ರೇಲಿಯಾ, ಬೆಲ್ಜಿಯಂ, ಮಲೇಷ್ಯಾ ಮತ್ತು ಉಕ್ರೇನ್ ಸೇರಿ ಜಂಟಿ ತಂಡ ರಚಿಸಿದವು.

ಆ ತಂಡದ ಮುಂದಿದ್ದದ್ದು ಯುದ್ಧ ನಡೆಯುತ್ತಿದ್ದ ಹೊಲಗಳಲ್ಲಿ ಚೆಲ್ಲಿದ್ದ ಅವಶೇಷ. ಕಾಕ್‌ಪಿಟ್ ಸಿಬ್ಬಂದಿಯ ದೇಹಗಳಲ್ಲಿ ಸಿಕ್ಕ ಉಕ್ಕಿನ ಚೂರುಗಳಲ್ಲಿ ಕೆಲವು, ನಡು ಸಣ್ಣಗಾಗಿ ಎರಡೂ ತುದಿ ಅಗಲವಾದ ಬೋ ಟೈ ಆಕಾರದವು. ಆ ಆಕಾರದ ಚೂರುಗಳಿರುವುದು 9ಎನ್314ಎಂ ಎಂಬ ಬೂಕ್ ಸಿಡಿತಲೆಯಲ್ಲಿ. ಕದ್ದಾಲಿಸಿದ ದೂರವಾಣಿ ಸಂಭಾಷಣೆ, ದಾರಿಹೋಕರು ತೆಗೆದ ಚಿತ್ರ ಮತ್ತು ವಿಡಿಯೊಗಳನ್ನು ಒಂದೊಂದಾಗಿ ಜೋಡಿಸಿ, ಕ್ಷಿಪಣಿ ಹಾರಿದ್ದು ಪೆರ್ವೊಮೈಸ್ಕಿ ಬಳಿಯ ಹೊಲದಿಂದ ಎಂದು 2016ರಲ್ಲೂ, ಆ ವಾಹನ ರಷ್ಯಾದ ಕುರ್ಸ್ಕ್‌ನಲ್ಲಿರುವ 53ನೇ ವಿಮಾನನಿರೋಧಕ ಕ್ಷಿಪಣಿ ದಳದ್ದು ಎಂದು 2018ರಲ್ಲೂ ತಂಡ ಘೋಷಿಸಿತು. ರಷ್ಯಾ ಇದನ್ನು ಇಂದಿಗೂ ಒಪ್ಪುವುದಿಲ್ಲ.

ಹೇಗ್ ನ್ಯಾಯಾಲಯದ ತೀರ್ಪು

ಅಂತರರಾಷ್ಟ್ರೀಯ ವಿಶೇಷ ನ್ಯಾಯಮಂಡಳಿ ರಚಿಸುವ ಪ್ರಸ್ತಾವವನ್ನು 2015ರ ಜುಲೈ 29ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ರಷ್ಯಾ ವೀಟೊ ಚಲಾಯಿಸಿ ತಡೆಯಿತು. ಹನ್ನೊಂದು ದೇಶಗಳು ಪರವಾಗಿದ್ದವು, ಮೂರು ತಟಸ್ಥವಾಗಿದ್ದವು. ಆ ಬಾಗಿಲು ಮುಚ್ಚಿದ ಮೇಲೆ ನೆದರ್ಲೆಂಡ್ಸ್ ತನ್ನದೇ ಕಾನೂನಿನಡಿ, ಹೇಗ್ ಜಿಲ್ಲಾ ನ್ಯಾಯಾಲಯದಲ್ಲಿ ಪ್ರತ್ಯೇಕತಾವಾದಿಗಳ ಪರ ಕಾದಾಡಿದ ನಾಲ್ವರ ವಿರುದ್ಧ ಮೊಕದ್ದಮೆ ಹೂಡಿತು. 2022ರ ನವೆಂಬರ್ 17ರಂದು ಇಗೊರ್ ಗಿರ್ಕಿನ್, ಸೆರ್ಗೆಯ್ ದುಬಿನ್ಸ್ಕಿ, ಲಿಯೊನಿಡ್ ಖಾರ್ಚೆಂಕೊ ಈ ಮೂವರಿಗೆ ಜೀವಾವಧಿ ಶಿಕ್ಷೆಯಾಯಿತು. ಒಲೆಗ್ ಪುಲಾತೊವ್ ಖುಲಾಸೆಯಾದರು.

ಗುಂಡಿ ಒತ್ತಿದ್ದು ಈ ಮೂವರೆಂದು ನ್ಯಾಯಾಲಯ ಹೇಳಲಿಲ್ಲ. ಕ್ಷಿಪಣಿಯನ್ನು ತರಿಸುವುದರಲ್ಲಿ, ಅದನ್ನು ಹೊಲಕ್ಕೆ ಒಯ್ದು ಬಳಕೆಗೆ ಒದಗಿಸುವುದರಲ್ಲಿ ಇವರ ಪಾತ್ರವಿತ್ತು ಎಂಬುದು ಸಾಬೀತಾಯಿತು. ಸೇನಾ ವಿಮಾನವೆಂದು ತಪ್ಪು ತಿಳಿದು ಹೊಡೆದಿರಬಹುದು ಎಂಬುದನ್ನೂ ನ್ಯಾಯಾಲಯ ತಳ್ಳಿಹಾಕಲಿಲ್ಲ. ಆದರೆ ಯುದ್ಧದ ನಿಯಮದಂತೆ ಹೋರಾಡುವ ಅಧಿಕೃತ ಸೈನಿಕರಿಗೆ ಸಿಗುವ ರಕ್ಷಣೆ ಇವರಿಗೆ ಇರಲಿಲ್ಲ. ಹಾಗಾಗಿ ಯಾವ ವಿಮಾನವನ್ನು ಬೀಳಿಸಿದ್ದರೂ ಅದು ಇವರ ಪಾಲಿಗೆ ಕೊಲೆಯೇ, ಗುರಿ ತಪ್ಪಿತೆಂಬ ಕಾರಣಕ್ಕೆ ಅಪರಾಧ ಹಗುರಾಗುವುದಿಲ್ಲ. ಇದೇ ವಾದವನ್ನು ಅಧಿಕೃತ ಸೇನೆಯೊಂದು ಹೊಡೆದ ವಿಮಾನಕ್ಕೆ ಸಲೀಸಾಗಿ ಅನ್ವಯಿಸಲಾಗದು ಎಂಬುದನ್ನು ನೆನಪಿಡಬೇಕು.

ಶಿಕ್ಷೆಯಾದ ಮೂವರಲ್ಲಿ ಯಾರೂ ನ್ಯಾಯಾಲಯಕ್ಕೆ ಬಂದಿರಲಿಲ್ಲ. ರಷ್ಯಾ ತನ್ನ ಪ್ರಜೆಗಳನ್ನು ಹೊರದೇಶಕ್ಕೆ ಒಪ್ಪಿಸುವುದಿಲ್ಲ. ಗಿರ್ಕಿನ್ ಜೈಲು ಸೇರಿದ್ದು ನಿಜವಾದರೂ ಅದು ರಷ್ಯಾದ ನಾಯಕತ್ವವನ್ನು ಟೀಕಿಸಿದ ಬೇರೆಯದೇ ಪ್ರಕರಣದಲ್ಲಿ.

ಪರಿಹಾರ ಕೊಡುವವರು ಯಾರು?

ಸತ್ತವರ ಕುಟುಂಬಕ್ಕೆ ಮೊದಲು ಹಣ ಬರುವುದು ಸಾಮಾನ್ಯವಾಗಿ ಹೊಡೆದವರಿಂದಲ್ಲ, ವಿಮಾನಯಾನ ಸಂಸ್ಥೆಯಿಂದ. 1999ರ ಮಾಂಟ್ರಿಯಲ್ ಒಪ್ಪಂದದಡಿ ನಿರ್ದಿಷ್ಟ ಮೊತ್ತದವರೆಗೆ, ತಪ್ಪು ಯಾರದೇ ಇರಲಿ, ಸಂಸ್ಥೆ ಕೊಡಲೇಬೇಕು. 2024ರ ಡಿಸೆಂಬರ್ 28ರಿಂದ ಈ ಮಿತಿ ಪ್ರತಿ ಪ್ರಯಾಣಿಕರಿಗೆ 151,880 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಏಕಮಾನ), ಅಂದರೆ ಸುಮಾರು ಎರಡು ಲಕ್ಷ ಡಾಲರ್.

ಹೊಡೆದ ದೇಶ ಕೊಡುವ ಹಣಕ್ಕೆ ಬೇರೆ ಅರ್ಥವಿದೆ. ಇರಾನ್ ಏರ್ ಪ್ರಕರಣದಲ್ಲಿ 1996ರಲ್ಲಿ ಅಮೆರಿಕ 6 ಕೋಟಿ 18 ಲಕ್ಷ ಡಾಲರ್ ಕೊಡಲು ಒಪ್ಪಿತು, ಆದರೆ ಕಾನೂನಿನ ಹೊಣೆಯನ್ನು ಒಪ್ಪಲಿಲ್ಲ. ಕರುಣೆಯಿಂದ ಕೊಡುವ ಹಣವೆಂದೇ ನಮೂದಿಸಿತು. ಇರಾನ್ ಹೂಡಿದ್ದ ಮೊಕದ್ದಮೆ ಅಲ್ಲಿಗೆ ಮುಗಿದು, ತಪ್ಪು ಯಾರದೆಂದು ಅಂತರರಾಷ್ಟ್ರೀಯ ನ್ಯಾಯಾಲಯ ಹೇಳುವ ಸಂದರ್ಭವೇ ತಪ್ಪಿಹೋಯಿತು. 2024ರ ಡಿಸೆಂಬರ್ 25ರಂದು ಬಾಕುವಿನಿಂದ ಗ್ರೋಜ್ನಿಗೆ ಹೊರಟ ಅಜರ್‌ಬೈಜಾನ್ ಏರ್‌ಲೈನ್ಸ್ ವಿಮಾನ ರಷ್ಯಾದ ಆಕಾಶದಲ್ಲಿ ಹಾನಿಗೊಂಡು, ಕ್ಯಾಸ್ಪಿಯನ್ ಸಮುದ್ರ ದಾಟಿ ಕಜಕಿಸ್ತಾನದ ಅಕ್ತಾವು ಬಳಿ ನೆಲಕ್ಕಪ್ಪಳಿಸಿತು. ಅದರಲ್ಲಿದ್ದ 67 ಮಂದಿಯಲ್ಲಿ 38 ಜನ ಸತ್ತರು. ತಪ್ಪೊಪ್ಪಿಗೆ, ಕ್ಷಮೆ, ಶಿಕ್ಷೆ, ಪರಿಹಾರ ಎಲ್ಲವೂ ಬೇಕೆಂದು ಅಧ್ಯಕ್ಷ ಅಲಿಯೆವ್ ಪಟ್ಟುಹಿಡಿದರು. ಪುಟಿನ್ ಮೂರೇ ದಿನಗಳಲ್ಲಿ ಕ್ಷಮೆ ಕೇಳಿದರೂ, ರಷ್ಯಾದ ಎರಡು ಕ್ಷಿಪಣಿಗಳು ವಿಮಾನದ ಸಮೀಪ ಸಿಡಿದವೆಂದು ಹೇಳಲು 2025ರ ಅಕ್ಟೋಬರ್ ಬರಬೇಕಾಯಿತು.

ದೇಶವನ್ನೇ ಹೊಣೆಗಾರನನ್ನಾಗಿ ಮಾಡುವ ದಾರಿ

1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಸೋವಿಯತ್ ಆಕಾಶ ಹೊಕ್ಕಿದ್ದ ಕೊರಿಯನ್ ಏರ್‌ಲೈನ್ಸ್ 007 ವಿಮಾನವನ್ನು ಸುಖೋಯ್ ಯುದ್ಧವಿಮಾನ ಹೊಡೆದುರುಳಿಸಿ 269 ಮಂದಿ ಸತ್ತರು. ಮರುವರ್ಷ ಷಿಕಾಗೊ ಒಪ್ಪಂದಕ್ಕೆ '3 ಬಿಸ್' ಎಂಬ ವಿಧಿ ಸೇರಿತು. ಹಾರಾಟದಲ್ಲಿರುವ ನಾಗರಿಕ ವಿಮಾನದ ಮೇಲೆ ಯಾವ ದೇಶವೂ ಅಸ್ತ್ರ ಬಳಸಬಾರದು ಎಂಬ ಈ ವಿಧಿ ಜಾರಿಯಾದದ್ದು 1998ರಲ್ಲಿ. ಅದರ ಉಲ್ಲಂಘನೆಯಾದರೆ 84ನೇ ವಿಧಿಯಡಿ ಐಸಿಎಒ ಮಂಡಳಿಗೆ ದೂರು ಕೊಡಬಹುದು. 36 ದೇಶಗಳ ಪ್ರತಿನಿಧಿಗಳಿರುವ ಈ ಮಂಡಳಿ ನ್ಯಾಯಾಧೀಶರ ಪೀಠವಲ್ಲ. ಹಿಂದಿನ ವಿವಾದಗಳೆಲ್ಲ ರಾಜಿಯಲ್ಲೋ ನಡುದಾರಿಯಲ್ಲೋ ನಿಂತಿದ್ದವು.

2022ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾ ಮತ್ತು ನೆದರ್ಲೆಂಡ್ಸ್ ಕೊಟ್ಟ ದೂರಿನ ಮೇಲೆ 2025ರ ಮೇ ತಿಂಗಳಲ್ಲಿ ಬಂದ ನಿರ್ಧಾರ ಮುಖ್ಯವಾಗುವುದು ಈ ಕಾರಣಕ್ಕೆ. ದೇಶಗಳ ನಡುವಣ ವಿವಾದದ ತಿರುಳಿನ ಮೇಲೆ ಮಂಡಳಿ ತೀರ್ಮಾನ ಹೇಳಿದ್ದು ಅದೇ ಮೊದಲು. ಯುರೋಪಿನ ನ್ಯಾಯಾಲಯ ಹಿಡಿದದ್ದು ಬೇರೆ ದಾರಿ: 2014ರ ಮೇ 11ರಿಂದ ಪೂರ್ವ ಉಕ್ರೇನಿನ ಪ್ರತ್ಯೇಕತಾವಾದಿಗಳ ಹಿಡಿತದ ಪ್ರದೇಶ ರಷ್ಯಾದ ಪರಿಣಾಮಕಾರಿ ನಿಯಂತ್ರಣದಲ್ಲಿತ್ತು, ಆದ್ದರಿಂದ ಅಲ್ಲಿಂದ ಹಾರಿದ ಕ್ಷಿಪಣಿಗೂ ರಷ್ಯಾವೇ ಹೊಣೆ. ಪಿಎಸ್752ರ ವಿಷಯದಲ್ಲಿ ಕೆನಡಾ, ಸ್ವೀಡನ್, ಉಕ್ರೇನ್ ಮತ್ತು ಬ್ರಿಟನ್ 2023ರ ಜುಲೈ 4ರಂದು ಇರಾನ್ ವಿರುದ್ಧ ಅಂತರರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲೇರಿವೆ. ಅವು ನೆಚ್ಚಿರುವುದು ವಿಮಾನಗಳ ವಿರುದ್ಧದ ಅಪರಾಧಗಳಿಗಾಗಿ ರೂಪಿಸಿದ 1971ರ ಮಾಂಟ್ರಿಯಲ್ ಒಪ್ಪಂದವನ್ನು. ಪರಿಹಾರದ ಒಪ್ಪಂದ ಅದಲ್ಲ, ಊರಿನ ಹೆಸರು ಮಾತ್ರ ಒಂದೇ.

ಐಸಿಎಒ ಮಂಡಳಿಯ ಬಳಿ ಪೊಲೀಸರಿಲ್ಲ, ದಂಡ ವಸೂಲಿ ಮಾಡುವ ಅಧಿಕಾರವೂ ಇಲ್ಲ. ಅದರ ನಿರ್ಧಾರದ ವಿರುದ್ಧ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು ಅದೇ 84ನೇ ವಿಧಿ ಅವಕಾಶ ಕೊಡುತ್ತದೆ, ರಷ್ಯಾ 2025ರ ಸೆಪ್ಟೆಂಬರ್‌ನಲ್ಲಿ ಆ ಅವಕಾಶವನ್ನು ಬಳಸಿಕೊಂಡಿತು. ನಾಗರಿಕ ವಿಮಾನದ ಮೇಲೆ ಅಸ್ತ್ರ ಬಳಸಬಾರದೆಂಬ 3 ಬಿಸ್ ವಿಧಿಗೆ ಯುದ್ಧಕಾಲದಲ್ಲಿ ಎಷ್ಟು ಬಲವಿದೆ ಎಂಬ ಪ್ರಶ್ನೆ ಹೀಗೆ ಹೇಗ್‌ನ ಇನ್ನೊಂದು ನ್ಯಾಯಾಲಯದ ಮುಂದೆ ಬಂದು ನಿಂತಿದೆ.